90 ಪಟ್ಟು ಅನ್ನುವ ಮೊದಲು: ಒಬ್ಬ ಹೊಸ ಲೇಖಕರಿಗೆ ಉತ್ತರ

ಆತ್ಮೀಯರೇ,

‘ಎರಡು ಮಹಾಯುದ್ಧಗಳ ನಡುವೆ: ಏರಿದ ಸೋವಿಯತ್, ಕುಸಿದ ಬಂಡವಾಳಶಾಹಿ’ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಒಳ್ಳೆಯ ಮಾತೆಲ್ಲ ಮೊದಲು ಆಡಿ ಕೊನೆಗೆ ‘ಕ್ಷಮಿಸಿ’ ಅನ್ನುವ ಪತ್ರ ನನಗೆ ಇಷ್ಟವಿಲ್ಲ, ಅದಕ್ಕೇ ಇದನ್ನು ಮೊದಲೇ ಹೇಳಿದೆ. ಆದರೆ ಇದು ಪಕ್ಕಕ್ಕಿಟ್ಟು ಮರೆಯುವ ಲೇಖನವೂ ಅಲ್ಲ. ಈ ವಿಷಯದ ಮೇಲೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ಭಾವನೆ ಜಾಸ್ತಿ, ಅಂಕಿ ಕಡಿಮೆ. ನೀವು ಅಂಕಿ ಹುಡುಕಿದ್ದೀರಿ. ಅದಕ್ಕೆ ಬೆಲೆ ಕೊಟ್ಟೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಒಪ್ಪಿಗೆಯಿಂದ, ಹೆಸರು ಬಿಟ್ಟು, ಉಳಿದ ಹೊಸ ಲೇಖಕರ ಕಣ್ಣಿಗೂ ಬೀಳಲಿ ಎಂದು ಇಲ್ಲಿ ಹಾಕಿದ್ದೇನೆ.

ನಿಮ್ಮ ವಾದ ಇಷ್ಟು. 1920ರಿಂದ 1937ರೊಳಗೆ ಸೋವಿಯತ್ ಒಕ್ಕೂಟದಲ್ಲಿ ಉಕ್ಕಿನ ಉತ್ಪಾದನೆ 90 ಪಟ್ಟು ಹೆಚ್ಚಿತು. ‘ಅದೇ ಕಾಲದಲ್ಲಿ’ ಅಮೆರಿಕದ ಕೈಗಾರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಾಗಾಗಿ ಸರ್ಕಾರಿ ಯೋಜನೆ ಗೆದ್ದಿತು, ಮಾರುಕಟ್ಟೆ ಸೋತಿತು. ನಡುವೆ ಹಳ್ಳಿಗಳ ಬಗ್ಗೆ ಒಂದು ವಾಕ್ಯ. ಕೊನೆಯಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಪ್ಯಾರಾ.

ಮೊದಲು ಆ 90 ಪಟ್ಟನ್ನೇ ನೋಡೋಣ. ಲೆಕ್ಕ ತಪ್ಪಿಲ್ಲ. 1920ರಲ್ಲಿ ಸುಮಾರು 2 ಲಕ್ಷ ಟನ್ ಉಕ್ಕು, 1937ರಲ್ಲಿ 177 ಲಕ್ಷ ಟನ್. ಭಾಗಿಸಿದರೆ 90ರ ಹತ್ತಿರವೇ ಬರುತ್ತದೆ. ಆದರೆ 1920 ಎಂಥ ವರ್ಷ? ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ ಒಂದರ ಹಿಂದೊಂದು ಬಂದು ದೇಶ ನೆಲ ಕಚ್ಚಿದ್ದ ವರ್ಷ. ದೊನ್‌ಬಾಸ್ ಸೀಮೆಯ ಕಲ್ಲಿದ್ದಲು ಗಣಿಗಳಲ್ಲಿ ನೀರು ನಿಂತಿತ್ತು. ರೈಲಿಗೆ ಇಂಧನ ಇರಲಿಲ್ಲ. ಪೆಟ್ರೋಗ್ರಾಡ್, ಮಾಸ್ಕೋದ ಕಾರ್ಮಿಕರು ಊಟ ಹುಡುಕಿಕೊಂಡು ಹಳ್ಳಿಗಳಿಗೆ ಮರಳಿದ್ದರು. ಇದೇ ದೇಶ 1913ರಲ್ಲಿ 42–43 ಲಕ್ಷ ಟನ್ ಉಕ್ಕು ಮಾಡುತ್ತಿತ್ತು. 1928ರಲ್ಲಿ ಮಾಡಿದ್ದೂ 43 ಲಕ್ಷ ಟನ್. ಅಂದರೆ ನಿಮ್ಮ 90 ಪಟ್ಟಿನಲ್ಲಿ ಮೊದಲ 20 ಪಟ್ಟು ಹೊಸ ಬೆಳವಣಿಗೆಯೇ ಅಲ್ಲ. ಆರಿದ್ದ ಹಳೇ ಕುಲುಮೆಗಳಿಗೆ ಮತ್ತೆ ಬೆಂಕಿ ಹಾಕಿದ್ದು.

ಇಲ್ಲಿ ಇನ್ನೊಂದು ವಿಷಯ ನಿಮ್ಮ ಕಣ್ಣು ತಪ್ಪಿದೆ. ಈ ಚೇತರಿಕೆ ಆಗಿದ್ದು 1928ರಲ್ಲಿ ಸ್ಟಾಲಿನ್ ಪಂಚವಾರ್ಷಿಕ ಯೋಜನೆ ಶುರು ಮಾಡುವ ಮೊದಲು. 1921ರಲ್ಲಿ ಲೆನಿನ್ ಹೊಸ ಆರ್ಥಿಕ ನೀತಿ ತಂದರು. ತೆರಿಗೆ ಕೊಟ್ಟು ಮಿಕ್ಕ ದವಸವನ್ನು ರೈತ ಸಂತೆಯಲ್ಲಿ ಮಾರಬಹುದು ಅಂದರು. ಸಣ್ಣ ವ್ಯಾಪಾರಕ್ಕೆ, ಸಣ್ಣ ಕಾರ್ಖಾನೆಗೆ ಅವಕಾಶ ಕೊಟ್ಟರು. ದೊಡ್ಡ ಕೈಗಾರಿಕೆ, ಬ್ಯಾಂಕು, ವಿದೇಶಿ ವ್ಯಾಪಾರ ಸರ್ಕಾರದ ಕೈಯಲ್ಲೇ ಉಳಿದವು. ಅಂಥ ಮಿಶ್ರ ವ್ಯವಸ್ಥೆಯ ಕೆಳಗೆ ಆದ ಚೇತರಿಕೆಯನ್ನು ನೀವು ಪೂರ್ತಿಯಾಗಿ ಸ್ಟಾಲಿನ್ ಯೋಜನೆಯ ಖಾತೆಗೆ ಜಮಾ ಮಾಡಿದ್ದೀರಿ.

ಅಮೆರಿಕಕ್ಕೆ ಬಂದಾಗ ನೀವು ವರ್ಷವನ್ನೇ ಬದಲಾಯಿಸಿದ್ದೀರಿ. ಅಲ್ಲಿ ಉತ್ಪಾದನೆ ಅರ್ಧದಷ್ಟು ಬಿದ್ದದ್ದು ನಿಜ. ಆದರೆ ಅದು 1929ರಿಂದ 1932ರವರೆಗಿನ ಲೆಕ್ಕ. ‘ಅದೇ ಕಾಲ’ ಅಲ್ಲ. ಒಬ್ಬ ರೈತನ ಇಳುವರಿಯನ್ನು ಬರಗಾಲದ ವರ್ಷದಿಂದ ಒಳ್ಳೇ ಮಳೆಯ ವರ್ಷದವರೆಗೆ ಅಳೆದು, ಪಕ್ಕದ ಹೊಲದವನದ್ದನ್ನು ಒಳ್ಳೇ ಮಳೆಯಿಂದ ಬರಗಾಲದವರೆಗೆ ಅಳೆದ ಹಾಗಾಯಿತು.

ಎರಡೂ ದೇಶಕ್ಕೆ ಒಂದೇ ವರ್ಷ ಇಟ್ಟು ನೋಡಿ. 1928ರಿಂದ 1937ರವರೆಗೆ ಸೋವಿಯತ್ ಉಕ್ಕು 43 ಲಕ್ಷದಿಂದ 177 ಲಕ್ಷ ಟನ್ನಿಗೆ ಏರಿತು. ನಾಲ್ಕು ಪಟ್ಟಿಗಿಂತ ಜಾಸ್ತಿ, ವರ್ಷಕ್ಕೆ ಸರಾಸರಿ ಶೇ. 17. ಕಲ್ಲಿದ್ದಲು 355 ಲಕ್ಷದಿಂದ 1,280 ಲಕ್ಷ ಟನ್ನಿಗೆ ಹೋಯಿತು. ವಿದ್ಯುತ್ತು 500 ಕೋಟಿ ಯೂನಿಟ್ಟಿನಿಂದ 3,600 ಕೋಟಿ ದಾಟಿತು. ಅಮೆರಿಕ 1928ರಲ್ಲಿ ಮಾಡಿದ್ದು ಸುಮಾರು 5.2 ಕೋಟಿ ಟನ್ ಉಕ್ಕು. 1937ರಲ್ಲೂ ಅದು 5.1 ಕೋಟಿಯ ಆಸುಪಾಸಿನಲ್ಲೇ ಇತ್ತು. ನೋಡಿ, ನಿಮ್ಮ ಮುಖ್ಯ ಮಾತು ಆಗಲೂ ನಿಲ್ಲುತ್ತದೆ. ನಿಜವಾದ ಅಂಕಿಯೇ ಇಷ್ಟು ದೊಡ್ಡದಿರುವಾಗ ಉಬ್ಬಿಸಿದ ಅಂಕಿ ಯಾಕೆ ಬೇಕಿತ್ತು? ವಿಷಯ ಗೊತ್ತಿರುವ ಓದುಗ 90 ಪಟ್ಟು ಎಂದು ಓದಿದ ಕೂಡಲೇ ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾನೆ. ಆಮೇಲೆ ನೀವು ನಿಜ ಹೇಳಿದರೂ ಅವನು ಕೇಳುವುದಿಲ್ಲ.

ಶೇಕಡಾವಾರು ಮಾತ್ರ ಕೊಟ್ಟಿದ್ದರಿಂದ ಇನ್ನೊಂದು ಸಂಗತಿಯೂ ಮುಚ್ಚಿಹೋಗಿದೆ. 1932 ಅಮೆರಿಕದ ಅತಿ ಕೆಟ್ಟ ವರ್ಷ. ಉಕ್ಕಿನ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಐದನೇ ಒಂದು ಭಾಗ ಮಾತ್ರ ಕೆಲಸ ಮಾಡುತ್ತಿದ್ದವು. ಆದರೂ ಆ ವರ್ಷ ಅಲ್ಲಿ ಸುಮಾರು 1.4 ಕೋಟಿ ಟನ್ ಉಕ್ಕು ಬಂತು. ಮೊದಲ ಯೋಜನೆ ‘ಯಶಸ್ವಿಯಾಗಿ ಮುಗಿದ’ ಅದೇ ವರ್ಷ ಸೋವಿಯತ್ ಒಕ್ಕೂಟದಲ್ಲಿ ಬಂದಿದ್ದು 59 ಲಕ್ಷ ಟನ್. ಹಾಸಿಗೆ ಹಿಡಿದಿದ್ದ ಅಮೆರಿಕವೂ ಎರಡು ಪಟ್ಟಿಗಿಂತ ಜಾಸ್ತಿ ಮಾಡಿತ್ತು. ವೇಗ ಬೇರೆ, ಎತ್ತರ ಬೇರೆ. ಓದುಗರಿಗೆ ಎರಡನ್ನೂ ಕೊಡಿ.

‘ಯೋಜನೆ ಗಡುವಿಗೆ ಮೊದಲೇ ಮುಗಿಯಿತು’ ಎಂದೂ ಬರೆದಿದ್ದೀರಿ. ನಾಲ್ಕು ವರ್ಷ ಮೂರು ತಿಂಗಳಲ್ಲಿ ಮುಗಿಯಿತು ಎಂದು ಸರ್ಕಾರ ಘೋಷಿಸಿದ್ದು ಹೌದು. ಆದರೆ ಬೀಡು ಕಬ್ಬಿಣಕ್ಕೆ (ಅದಿರು ಕರಗಿಸಿದಾಗ ಮೊದಲು ಬರುವ ಕಚ್ಚಾ ಕಬ್ಬಿಣಕ್ಕೆ) ಮೊದಲು ಇಟ್ಟ ಗುರಿ 1 ಕೋಟಿ ಟನ್. ಆಮೇಲೆ ಅದನ್ನು 1.7 ಕೋಟಿಗೆ ಏರಿಸಿದರು. 1932ರಲ್ಲಿ ಕೈಗೆ ಬಂದಿದ್ದು 62 ಲಕ್ಷ ಟನ್. ಘೋಷಣೆಯ ಪಕ್ಕದಲ್ಲಿ ಈ ಅಂಕಿ ಇಡಿ. ಅಷ್ಟೇ ಸಾಕು, ಟೀಕೆ ಬೇರೆ ಬೇಡ.

ಈಗ ರೂಬಲ್ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ಎಡವಿದ್ದು ನೀವೊಬ್ಬರೇ ಅಲ್ಲ, ದೊಡ್ಡ ದೊಡ್ಡವರೂ ಎಡವಿದ್ದಾರೆ. ‘ಒಟ್ಟು ಕೈಗಾರಿಕಾ ಉತ್ಪನ್ನ ಇಷ್ಟು ಪಟ್ಟು ಏರಿತು’ ಎಂಬ ಸರ್ಕಾರಿ ಅಂಕಿಯನ್ನು ಹಾಗೇ ಎತ್ತಿಕೊಂಡಿದ್ದೀರಿ. ಆ ಅಂಕಿಯನ್ನು 1926–27ರ ಬೆಲೆಗಳಲ್ಲಿ ಕಟ್ಟಿದ್ದರು. ಆಗ ಸೋವಿಯತ್ ನೆಲದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಇನ್ನೂ ಕಣ್ಣು ಬಿಡುತ್ತಿತ್ತು. ಒಂದೊಂದು ಯಂತ್ರಕ್ಕೂ ಭಾರೀ ಖರ್ಚು. ಹತ್ತು ವರ್ಷದಲ್ಲಿ ಸಾವಿರಗಟ್ಟಲೆ ಯಂತ್ರ ಬರತೊಡಗಿದಾಗ ಬಟ್ಟೆ, ಬ್ರೆಡ್ಡಿನ ಜೊತೆ ಹೋಲಿಸಿದರೆ ಯಂತ್ರ ಅಗ್ಗವಾಯಿತು. ಆದರೆ ಲೆಕ್ಕ ಹಾಕುವಾಗ ಪ್ರತಿ ಯಂತ್ರಕ್ಕೂ ಆ ಹಳೇ ದುಬಾರಿ ಬೆಲೆಯನ್ನೇ ಹಚ್ಚಿದರು. ಅತಿ ವೇಗವಾಗಿ ಹೆಚ್ಚಿದ ವಸ್ತುವಿಗೇ ಅತಿ ಹೆಚ್ಚು ತೂಕ ಸಿಕ್ಕಿತು. ಒಟ್ಟು ಮೊತ್ತ ಉಬ್ಬಿತು. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಕೈಗಾರಿಕೆ ಮೊದಲ ಸಲ ಏಳುತ್ತಿರುವ ಯಾವ ದೇಶದಲ್ಲೂ ಹೀಗಾಗಬಹುದು. ಇದನ್ನು ಮೊದಲು ಚೆನ್ನಾಗಿ ಬಿಡಿಸಿ ತೋರಿಸಿದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಗೆರ್ಶೆನ್‌ಕ್ರಾನ್. ಆಮೇಲೆ ಅಬ್ರಾಂ ಬರ್ಗ್‌ಸನ್ 1928–37ರ ಸೋವಿಯತ್ ರಾಷ್ಟ್ರೀಯ ಉತ್ಪನ್ನವನ್ನು ಎರಡು ರೀತಿ ಅಳೆದರು. 1928ರ ಬೆಲೆ ಹಿಡಿದರೆ ವರ್ಷಕ್ಕೆ ಸುಮಾರು ಶೇ. 12 ಬೆಳವಣಿಗೆ. 1937ರ ಬೆಲೆ ಹಿಡಿದರೆ ಸುಮಾರು ಶೇ. 5.5. ಅದೇ ದೇಶ, ಅದೇ ವರ್ಷಗಳು, ಅದೇ ಟ್ರ್ಯಾಕ್ಟರುಗಳು. ಉತ್ತರ ಮಾತ್ರ ಎರಡು.

ಅದಕ್ಕೇ ನನ್ನ ಸಲಹೆ: ಸಾಧ್ಯವಾದಷ್ಟು ಟನ್, ಮೀಟರ್, ಯೂನಿಟ್‌ನಲ್ಲಿ ಬರೆಯಿರಿ. ಸೋವಿಯತ್ ಅಂಕಿಗಳಲ್ಲಿ ಹೆಚ್ಚು ನಂಬಬಹುದಾದವು ಇವೇ. ಟನ್ ಲೆಕ್ಕ ಹಿಡಿದರೆ ಇನ್ನೊಂದು ಲಾಭವೂ ಇದೆ. ಯಾವುದು ಬೆಳೆಯಲಿಲ್ಲ ಅನ್ನುವುದೂ ಕಾಣುತ್ತದೆ. ಹತ್ತಿ ಬಟ್ಟೆ 1928ರಲ್ಲಿ ಸುಮಾರು 270 ಕೋಟಿ ಮೀಟರ್ ಇತ್ತು. 1932ರಲ್ಲೂ ಅಷ್ಟೇ. ಅಷ್ಟರಲ್ಲಿ ಕೋಟ್ಯಂತರ ಜನ ಪಟ್ಟಣ ಸೇರುತ್ತಿದ್ದರು. 1926ರ ಜನಗಣತಿಯಲ್ಲಿ ಪಟ್ಟಣವಾಸಿಗಳು 2.6 ಕೋಟಿ, 1939ರಲ್ಲಿ 5.6 ಕೋಟಿ. ಬ್ರೆಡ್ಡಿಗೆ 1929ರಿಂದ 1934ರ ಕೊನೆಯವರೆಗೂ ಪಡಿತರ ಚೀಟಿ ಇತ್ತು. ಉಕ್ಕು ನಾಲ್ಕು ಪಟ್ಟಾದ ದೇಶದಲ್ಲಿ ಒಂದು ಸಂಸಾರದ ಬಟ್ಟೆ, ಬ್ರೆಡ್ಡು ಏನಾಯಿತು ಎಂದು ಓದುಗ ಕೇಳಿಯೇ ಕೇಳುತ್ತಾನೆ, ಅಲ್ವಾ?

ಇನ್ನು ಆ ಒಂದು ವಾಕ್ಯ. ‘ಕೃಷಿ ಕ್ಷೇತ್ರದಲ್ಲಿ ಕೆಲವು ತೊಂದರೆಗಳು ಎದುರಾದವು’ ಎಂದು ಬರೆದಿದ್ದೀರಿ. ನನಗೆ ಸಿಟ್ಟು ಬಂದಿದ್ದು ಇಲ್ಲೊಂದೇ ಕಡೆ. ಆ ‘ಕೆಲವು ತೊಂದರೆ’ಗಳಲ್ಲಿ, 1932–33ರ ಬರಗಾಲದಲ್ಲಿ, ಸತ್ತವರು 50ರಿಂದ 70 ಲಕ್ಷ ಜನ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಉಕ್ರೇನಿನಲ್ಲಿ, ವೋಲ್ಗಾ ತೀರದಲ್ಲಿ, ಉತ್ತರ ಕಾಕಸಸ್ಸಿನಲ್ಲಿ ಹಳ್ಳಿಗೆ ಹಳ್ಳಿಯೇ ಖಾಲಿಯಾಯಿತು. ಕಝಾಕ್ ದನಗಾಹಿಗಳಲ್ಲಿ ಸತ್ತವರ ಪ್ರಮಾಣ ಇನ್ನೂ ಭೀಕರ. ಹೀಗಾಗುವ ಮೊದಲು ಸರ್ಕಾರ 1930ರಲ್ಲಿ 48 ಲಕ್ಷ ಟನ್, 1931ರಲ್ಲಿ 50 ಲಕ್ಷ ಟನ್ನಿಗೂ ಜಾಸ್ತಿ ದವಸವನ್ನು ಹೊರದೇಶಕ್ಕೆ ಮಾರಿತ್ತು. ಜನ ಸಾಯುತ್ತಿದ್ದಾಗಲೂ ರಫ್ತು ಪೂರ್ತಿ ನಿಲ್ಲಲಿಲ್ಲ.

ಯಾಕೆ ಮಾರಿದರು? ಉತ್ತರ ನಿಮ್ಮ ಮುಖ್ಯ ವಿಷಯದೊಳಗೇ ಇದೆ. ಯಂತ್ರ ಕೊಳ್ಳಲು ಡಾಲರ್ ಬೇಕಿತ್ತು. ಮಾರಲು ಇದ್ದದ್ದು ದವಸ, ಮರ, ಎಣ್ಣೆ. 1929ರ ಕುಸಿತದಿಂದ ಜಗತ್ತಿನ ಪೇಟೆಯಲ್ಲಿ ದವಸದ ಬೆಲೆ ಬಿತ್ತು. ಯಂತ್ರದ ಬೆಲೆ ಅಷ್ಟು ಬೀಳಲಿಲ್ಲ. ಅದೇ ಯಂತ್ರಕ್ಕೆ ಮೊದಲಿಗಿಂತ ಜಾಸ್ತಿ ಗೋಧಿ ತೆರಬೇಕಾಯಿತು. ಬಂಡವಾಳಶಾಹಿಯ ಕುಸಿತ ಸೋವಿಯತ್ ಒಕ್ಕೂಟವನ್ನು ‘ಮುಟ್ಟಲೇ ಇಲ್ಲ’ ಎಂದು ಬರೆದಿದ್ದೀರಿ. ಮುಟ್ಟಿತು. ಉಕ್ರೇನಿನ ರೈತನ ಕಣಜದ ಮೂಲಕ ಮುಟ್ಟಿತು.

ಹಳ್ಳಿಯನ್ನು ಹಿಂಡಿದ್ದರಿಂದಲೇ ಕೈಗಾರಿಕೆ ಬೆಳೆಯಿತು ಎಂದು ಸರಳವಾಗಿ ಹೇಳುವುದೂ ಸರಿಯಲ್ಲ. ಇದರ ಬಗ್ಗೆ ವಿದ್ವಾಂಸರಲ್ಲಿ ಈಗಲೂ ಜಗಳ ಇದೆ. ಹೊಲ-ದನಗಳನ್ನೆಲ್ಲ ಒಟ್ಟುಗೂಡಿಸುವ ಸಾಮೂಹಿಕ ಕೃಷಿಗೆ ಬಲವಂತವಾಗಿ ಸೇರಿಸಿದಾಗ ರೈತರು ದನಗಳನ್ನು ಕಡಿದು ತಿಂದರು. ಉಳಿದವು ಮೇವಿಲ್ಲದೆ ಸತ್ತವು. 1929ರಲ್ಲಿ 3.4 ಕೋಟಿ ಇದ್ದ ಕುದುರೆಗಳು 1933ಕ್ಕೆ ಅರ್ಧಕ್ಕಿಂತ ಕೆಳಗಿಳಿದವು. ಉಳುವುದಕ್ಕೆ ಇದ್ದದ್ದೇ ಆ ಕುದುರೆಗಳು. ಸ್ಟಾಲಿನ್‌ಗ್ರಾಡ್, ಖಾರ್ಕೊವ್, ಚೆಲ್ಯಾಬಿನ್ಸ್ಕ್ ಕಾರ್ಖಾನೆಗಳಲ್ಲಿ ಮಾಡಿದ ಟ್ರ್ಯಾಕ್ಟರುಗಳು ಬಹಳ ವರ್ಷ ಮಾಡಿದ್ದು ಸತ್ತ ಕುದುರೆಗಳ ಕೆಲಸವನ್ನೇ. ಅಂದರೆ ಹಳ್ಳಿಯಿಂದ ಕಿತ್ತುಕೊಂಡದ್ದರಲ್ಲಿ ದೊಡ್ಡ ಪಾಲು ಯಂತ್ರದ ರೂಪದಲ್ಲಿ ಹಳ್ಳಿಗೇ ವಾಪಸ್ ಹೋಗಬೇಕಾಯಿತು. ಈ ವಿಷಯವನ್ನು ನಿಮ್ಮ ಲೇಖನದ ನಡುಮಧ್ಯದಲ್ಲಿ ಇಡಿ. ಟ್ರ್ಯಾಕ್ಟರ್ ಸಂಖ್ಯೆಯ ಪಕ್ಕದಲ್ಲೇ ಕುದುರೆ ಸಂಖ್ಯೆ ಬರಲಿ.

1937ರ ಜನಗಣತಿಯ ಕಥೆಯನ್ನೂ ಬಿಡಬೇಡಿ. ಎಣಿಕೆ 16.2 ಕೋಟಿ ಬಂತು. ನಾಯಕರು ನಿರೀಕ್ಷಿಸಿದ್ದು ಇದಕ್ಕಿಂತ ಎಷ್ಟೋ ಜಾಸ್ತಿ. ಫಲಿತಾಂಶವನ್ನು ಮುಚ್ಚಿಟ್ಟರು. ಎಣಿಸಿದ ಅಧಿಕಾರಿಗಳನ್ನು ಬಂಧಿಸಿದರು. ನೀವು ಅಂಕಿ ತೆಗೆದುಕೊಳ್ಳುತ್ತಿರುವುದು ಅಂಥ ದೇಶದಿಂದ.

ಮುಂದಿನದು ‘ಬಂಡವಾಳಶಾಹಿ ದೇಶಗಳು’. ಎಲ್ಲವನ್ನೂ ಒಂದೇ ಮೂಟೆ ಕಟ್ಟಿದ್ದೀರಿ. ಆ ಮೂಟೆ ಬಿಚ್ಚಿ. ಅಮೆರಿಕದಲ್ಲಿ 1933ರಲ್ಲಿ ನಾಲ್ವರು ದುಡಿಯುವವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅದೇ ವರ್ಷ ಮಾಂಸದ ಬೆಲೆ ಏರಿಸಲು ಸರ್ಕಾರವೇ 60 ಲಕ್ಷ ಹಂದಿಮರಿಗಳನ್ನು ಕೊಂಡು ಕೊಲ್ಲಿಸಿತು. ಹಸಿದವರು ಸಾಲಿನಲ್ಲಿ ನಿಂತಿದ್ದಾಗ ಇದು ನಡೆಯಿತು. ಜರ್ಮನಿಯಲ್ಲಿ ನಿರುದ್ಯೋಗಿಗಳು 60 ಲಕ್ಷ ಮುಟ್ಟಿದರು, ಅದರ ಬೆನ್ನಿಗೇ ಹಿಟ್ಲರ್ ಬಂದ. ಬ್ರಿಟನ್ನಿನ ಕಥೆ ಬೇರೆ. 1920ರ ದಶಕ ಪೂರ್ತಿ ಏದುಸಿರು ಬಿಟ್ಟ ದೇಶ ಅದು. 1931ರಲ್ಲಿ ಚಿನ್ನದ ಮಾನದಂಡ (ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಪದ್ಧತಿ) ಬಿಟ್ಟ ಮೇಲೆ ಬೇರೆಯವರಿಗಿಂತ ಬೇಗ ಸುಧಾರಿಸಿಕೊಂಡಿತು.

ಜಪಾನನ್ನು ನೀವು ಮರೆತೇಬಿಟ್ಟಿದ್ದೀರಿ. ಅದೇ 1928–37ರಲ್ಲಿ ಅಲ್ಲಿ ಉಕ್ಕು ಸುಮಾರು ಮೂರು ಪಟ್ಟಾಯಿತು. ಹಣಕಾಸು ಮಂತ್ರಿ ತಕಹಾಶಿ ಕೊರೆಕಿಯೊ 1931ರ ಡಿಸೆಂಬರಿನಲ್ಲಿ ಚಿನ್ನದ ಮಾನದಂಡ ಬಿಟ್ಟರು. ಯೆನ್ ಬೆಲೆ ಇಳಿಯಲು ಬಿಟ್ಟರು, ಸರ್ಕಾರದ ಖರ್ಚು ಹೆಚ್ಚಿಸಿದರು. ಕಾರ್ಖಾನೆಗಳು ಖಾಸಗಿಯವರ ಕೈಯಲ್ಲೇ ಇದ್ದವು. ಆಮೇಲೆ ಅವರು ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಹೋದರು. 1936ರ ಫೆಬ್ರುವರಿಯಲ್ಲಿ ಬಂಡಾಯದ ಸೇನಾಧಿಕಾರಿಗಳು ಅವರನ್ನು ಕೊಂದರು. ನಿಮ್ಮ ‘ಯೋಜನೆಯೊಂದೇ ದಾರಿ’ ಎಂಬ ವಾಕ್ಯಕ್ಕೆ ಜಪಾನ್ ನೇರ ಸವಾಲು. ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ.

ನ್ಯಾಯ ಎರಡೂ ಕಡೆ ಇರಬೇಕು. ಉಕ್ರೇನಿನ ಹಳ್ಳಿಯನ್ನು ಮಾಸ್ಕೋದ ಲೆಕ್ಕಕ್ಕೆ ಬರೆಯುವುದಾದರೆ, ವಸಾಹತುಗಳ ಹಳ್ಳಿಯನ್ನು ಲಂಡನ್ನಿನ ಲೆಕ್ಕಕ್ಕೂ ಬರೆಯಬೇಕು. 1930ರ ನಂತರ ನಮ್ಮಲ್ಲೂ ಬೆಳೆಯ ಬೆಲೆ ಅರ್ಧದಷ್ಟು ಬಿತ್ತು. ಕಂದಾಯ, ಸಾಲ ಹಾಗೇ ನಿಂತವು. ಹೆಣ್ಣುಮಕ್ಕಳ ಮೈಮೇಲಿನ ಚಿನ್ನ ಮಾರಾಟಕ್ಕೆ ಬಂತು. 1931ರಿಂದ ಭಾರತದ ಚಿನ್ನ ಹಡಗು ಹಡಗಾಗಿ ಹೊರಗೆ ಹರಿಯಿತು, ಅದರಿಂದ ಪೌಂಡಿಗೆ ಆಸರೆ ಸಿಕ್ಕಿತು. ನೀವು ಬಂಡವಾಳಶಾಹಿಯನ್ನು ಟೀಕಿಸಲು ಹೊರಟವರು. ಆದರೂ ಇದನ್ನು ಮುಟ್ಟೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಹೇಳುತ್ತೇನೆ. ಐದನೇ ಪುಟದ ಕೆಳಗೆ, ಒಂದೇ ಸಾಲಿನಲ್ಲಿ, ಸೋವಿಯತ್ ಉಕ್ಕಿನ ಪಟ್ಟಣ ಮ್ಯಾಗ್ನಿಟೋಗೋರ್ಸ್ಕ್ ಹೆಸರು ಬಂದು ಹೋಗುತ್ತದೆ. ನಿಮ್ಮ ನಿಜವಾದ ಲೇಖನ ಅಲ್ಲಿದೆ.

ದಕ್ಷಿಣ ಉರಾಲ್‌ನಲ್ಲಿ ಒಂದು ಬೆಟ್ಟ. ಒಳಗೆಲ್ಲ ಕಬ್ಬಿಣದ ಅದಿರು. ದಿಕ್ಸೂಚಿಯೂ ಅಲ್ಲಿ ದಾರಿ ತಪ್ಪುತ್ತಿತ್ತು ಎಂದು ಹೇಳುತ್ತಾರೆ. 1929ರಲ್ಲಿ ಅಲ್ಲಿಗೆ ಮೊದಲ ರೈಲು ಬಂತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಎರಡು ಸಾವಿರ ಕಿಲೋಮೀಟರಿಗೂ ದೂರದ ಕುಜ್ನೆಟ್ಸ್ಕ್‌ನಿಂದ ರೈಲಿನಲ್ಲಿ ತರಬೇಕಿತ್ತು. ಜನ ಟೆಂಟುಗಳಲ್ಲಿ, ಮಣ್ಣು ತೋಡಿ ಮಾಡಿದ ಗುಡಿಸಲುಗಳಲ್ಲಿ, ಮರದ ಬ್ಯಾರಕ್ಕುಗಳಲ್ಲಿ ಉರಾಲ್‌ನ ಚಳಿ ಕಳೆದರು. ಕೆಲವರು ಹೊಸ ಪ್ರಪಂಚ ಕಟ್ಟುತ್ತೇವೆ ಅನ್ನುವ ಹುಮ್ಮಸ್ಸಿನಿಂದ ತಾವಾಗಿ ಬಂದವರು. ಕೆಲವರು ಊಟ ಸಿಕ್ಕರೆ ಸಾಕು ಎಂದು ಬಂದವರು. ಸಾವಿರಾರು ಜನ ‘ಕುಲಾಕ್’ (ಸಿರಿವಂತ ರೈತ) ಎಂಬ ಹಣೆಪಟ್ಟಿ ಹಚ್ಚಿಸಿಕೊಂಡು ಮನೆ-ಹೊಲ ಕಳೆದುಕೊಂಡು ಗಡೀಪಾರಾದ ರೈತರು. 1932ರ ಫೆಬ್ರುವರಿ 1ರಂದು, ಕೊರೆಯುವ ಚಳಿಯಲ್ಲಿ, ಮೊದಲ ಊದುಕುಲುಮೆಯಿಂದ ಕಬ್ಬಿಣ ಹರಿಯಿತು.

ಈ ಕಾರ್ಖಾನೆಗೆ ಮಾದರಿ ಯಾವುದು ಗೊತ್ತಲ್ವಾ? ಅಮೆರಿಕದ ಇಂಡಿಯಾನಾದ ಗ್ಯಾರಿ ಪಟ್ಟಣ, ಯು.ಎಸ್. ಸ್ಟೀಲ್ ಕಂಪನಿಯ ಉಕ್ಕಿನ ಕಾರ್ಖಾನೆ. ನಕ್ಷೆಯ ಕೆಲಸ ಹಿಡಿದದ್ದು ಕ್ಲೀವ್‌ಲ್ಯಾಂಡಿನ ಮೆಕ್‌ಕೀ ಕಂಪನಿ. ಇದೊಂದೇ ಅಲ್ಲ. ಸ್ಟಾಲಿನ್‌ಗ್ರಾಡ್ ಟ್ರ್ಯಾಕ್ಟರ್ ಕಾರ್ಖಾನೆ ಡೆಟ್ರಾಯಿಟ್‌ನ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಕಚೇರಿಯ ವಿನ್ಯಾಸ. ನೀಪರ್ ನದಿಯ ಅಣೆಕಟ್ಟಿಗೆ ಸಲಹೆಗಾರ ಅಮೆರಿಕದ ಎಂಜಿನಿಯರ್ ಹ್ಯೂ ಕೂಪರ್. ನಿಜ್ನಿ ನೊವ್ಗೊರೊದ್‌ನ ಕಾರು ಕಾರ್ಖಾನೆಯ ಹಿಂದೆ ಫೋರ್ಡ್ ಜೊತೆಗಿನ 1929ರ ಒಪ್ಪಂದ. ತಮ್ಮ ದೇಶದಲ್ಲಿ ಕೆಲಸ ಬತ್ತಿಹೋದಾಗ ಇಂಥ ಕಂಪನಿಗಳಿಗೆ ಸೋವಿಯತ್ ಗಿರಾಕಿ ದೊಡ್ಡ ಆಸರೆಯಾಯಿತು. 1931ರಲ್ಲಿ ನ್ಯೂಯಾರ್ಕಿನ ಸೋವಿಯತ್ ವ್ಯಾಪಾರ ಕಚೇರಿ ಸುಮಾರು 6,000 ಕೆಲಸಗಳಿಗೆ ಜನ ಬೇಕೆಂದು ತಿಳಿಸಿದಾಗ ಒಂದು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು.

ಈಗ ಯೋಚಿಸಿ. 1932ರಲ್ಲಿ ಗ್ಯಾರಿಯಲ್ಲಿ ಕುಲುಮೆಗಳು ಒಂದೊಂದಾಗಿ ಆರುತ್ತಿದ್ದವು. ಅದೇ ವರ್ಷ ಅದರ ನಕಲು ಉರಾಲ್‌ನಲ್ಲಿ ಹೊತ್ತಿಕೊಂಡಿತು. ಒಂದು ಕಡೆ ಕಾರ್ಖಾನೆ ಇದೆ, ಜನ ಇದ್ದಾರೆ, ಕೆಲಸ ಇಲ್ಲ. ಇನ್ನೊಂದು ಕಡೆ ಮುಗಿಯದಷ್ಟು ಕೆಲಸ ಇದೆ, ಸೂರಿಲ್ಲ, ಹೊಟ್ಟೆ ತುಂಬ ಊಟ ಇಲ್ಲ, ಬಿಟ್ಟು ಹೋಗುವ ಸ್ವಾತಂತ್ರ್ಯ ಎಷ್ಟೋ ಜನರಿಗೆ ಇಲ್ಲ. ಎರಡು ವ್ಯವಸ್ಥೆಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಎರಡೂ ಬೇರೆ ಬೇರೆ ಲೋಕಗಳು ಎಂದು ನೀವು ಬರೆದಿದ್ದೀರಿ. ಹಾಗಿರಲಿಲ್ಲ. ಒಬ್ಬರ ನಕ್ಷೆ, ಇನ್ನೊಬ್ಬರ ಗೋಧಿ, ಇಬ್ಬರ ನಡುವೆ ಡಾಲರ್.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಅಭೂತಪೂರ್ವ’, ‘ಚಾರಿತ್ರಿಕ’, ‘ಅಪ್ರತಿಮ’ ಇವು ಪುಟಪುಟದಲ್ಲೂ ಇವೆ. ತೆಗೆದುಬಿಡಿ. 1935ರಲ್ಲಿ ಗಣಿ ಕಾರ್ಮಿಕ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಅಗೆದ ಪ್ರಸಂಗಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಅವನು ಅಗೆಯುತ್ತಿದ್ದಾಗ ಹಿಂದೆ ಮರದ ಆಧಾರ ನಿಲ್ಲಿಸುತ್ತಿದ್ದ ಇಬ್ಬರ ಸುದ್ದಿ ಅಲ್ಲಿಲ್ಲ. ಅವರನ್ನು ಸೇರಿಸಿ, ಒಂದೇ ಪ್ಯಾರಾಕ್ಕೆ ಇಳಿಸಿ.

ವಿಶ್ವೇಶ್ವರಯ್ಯನವರ ಪ್ಯಾರಾ ಈ ಲೇಖನದಿಂದ ಹೊರಗೆ ಹೋಗಲಿ. ಕನ್ನಡ ಓದುಗರಿಗೆ ಹತ್ತಿರವಾಗಲಿ ಎಂದು ಸೇರಿಸಿದ್ದೀರಿ, ಉದ್ದೇಶ ಅರ್ಥವಾಯಿತು. ಸಂಬಂಧವೂ ನಿಜವೇ. 1934ರಲ್ಲಿ ಅವರು ಭಾರತಕ್ಕೆ ಹತ್ತು ವರ್ಷದ ಯೋಜನೆಯೊಂದನ್ನು ಮುಂದಿಟ್ಟರು. ಆದರೆ ‘ಸ್ಟಾಲಿನ್ ದಾರಿಯಲ್ಲಿ ನಡೆದರು’ ಅನ್ನುವುದು ತಪ್ಪು. ಅವರ ಯೋಜನೆಯಲ್ಲಿ ಖಾಸಗಿ ಉದ್ಯಮಕ್ಕೆ ದೊಡ್ಡ ಜಾಗ ಇತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಸೋವಿಯತ್ ಒಕ್ಕೂಟದಲ್ಲಿ ಪಂಚವಾರ್ಷಿಕ ಯೋಜನೆ ಇನ್ನೂ ಹುಟ್ಟಿರಲಿಲ್ಲ. ಕಲ್ಲಿದ್ದಲು ಸಿಗದ ಸೀಮೆಯಲ್ಲಿ ಕಾಡಿನ ಮರದ ಇದ್ದಿಲಿನಿಂದ ಕುಲುಮೆ ಉರಿಸಿದ ಆ ಕಥೆಗೆ ತನ್ನದೇ ಲೇಖನ ಬೇಕು. ಅದನ್ನೂ ನೀವೇ ಬರೆದರೆ ನನಗೆ ಸಂತೋಷ.

ಸದ್ಯಕ್ಕೆ ಇದನ್ನು ತಿದ್ದಿ ಕಳಿಸಿ. ಮ್ಯಾಗ್ನಿಟೋಗೋರ್ಸ್ಕ್ ಮತ್ತು ಗ್ಯಾರಿಯಿಂದ ಶುರು ಮಾಡಿ. ಈಗಿರುವ ಆರು ಕೋಷ್ಟಕಗಳ ಬದಲು ಒಂದೇ ಸಾಕು: 1913, 1928, 1932, 1937, ನಾಲ್ಕು ದೇಶ, ಉಕ್ಕು ಟನ್ನಿನಲ್ಲಿ. ಬರಗಾಲಕ್ಕೆ ಒಂದು ಪೂರ್ತಿ ಭಾಗ ಕೊಡಿ. ನಿಮ್ಮ ಒಲವು ಸೋವಿಯತ್ ಕಡೆಗೆ ಇದ್ದರೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಮೇಲಿನ ಅಂಕಿಗಳನ್ನೆಲ್ಲ ಎದುರಿಗಿಟ್ಟುಕೊಂಡೂ ನೀವು ಆ ತೀರ್ಮಾನಕ್ಕೇ ಬಂದರೆ, ಒಂದು ವಾಕ್ಯವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

ಪ್ರೀತಿಯಿಂದ,
ಸಂಪಾದಕ